ಪೆನ್ಸಿಲ್ ಸೆಲ್ಲಿನ ಕಡ್ಡಿ, ಸಿರಿಂಜು, ಮೈಲುತುತ್ತ: ಮನೇಲಿ ಮಾಡಿದ ಎಲೆಕ್ಟ್ರಾಲಿಸಿಸ್

ಹತ್ತನೇ ಕ್ಲಾಸಿನ ವಿಜ್ಞಾನ ಪುಸ್ತಕದ ಮೊದಲನೇ ಪಾಠದಲ್ಲೇ ನೀರಿನ ವಿದ್ಯುದ್ವಿಭಜನೆಯ (ಎಲೆಕ್ಟ್ರಾಲಿಸಿಸ್, ಅಂದ್ರೆ ಕರೆಂಟ್ ಬಿಟ್ಟು ನೀರನ್ನ ಹೈಡ್ರೋಜನ್, ಆಕ್ಸಿಜನ್ ಆಗಿ ಒಡೆಯೋದು) ಚಟುವಟಿಕೆ ಇದೆ. ಪ್ಲಾಸ್ಟಿಕ್ ಮಗ್ಗಿನ ತಳಕ್ಕೆ ಎರಡು ತೂತು, ರಬ್ಬರ್ ಬಿರಡೆ, ಕಾರ್ಬನ್ ಕಡ್ಡಿ, 6 ವೋಲ್ಟ್ ಬ್ಯಾಟರಿ, ಮೇಲೆ ನೀರು ತುಂಬಿ ಬೋರಲು ಹಾಕಿದ ಎರಡು ಪ್ರನಾಳ. ಚಿತ್ರ ಎಲ್ಲರಿಗೂ ನೆನಪಿರತ್ತೆ, ಪರೀಕ್ಷೇಲಿ ಬಿಡಿಸಿ ಮಾರ್ಕ್ಸ್ ತಗೊಂಡಿರ್ತಾರೆ, ಆದ್ರೆ ಮಾಡಿ ನೋಡಿದವರು ಬಹಳ ಕಮ್ಮಿ. ಅಕ್ಕನ ಮಗಳು ಈ ವರ್ಷ ಹತ್ತನೇ ಕ್ಲಾಸು, ಅವಳ ಸ್ಕೂಲಲ್ಲೂ ಬೋರ್ಡ್ ಮೇಲೆ ಬಿಡಿಸಿ ಮುಗಿಸಿದ್ರಂತೆ. ಉತ್ಕರ್ಷಣ ಅಂದ್ರೆ ಎಲೆಕ್ಟ್ರಾನ್ ಕಳ್ಕೊಳ್ಳೋದು, ಅಪಕರ್ಷಣ ಅಂದ್ರೆ ಪಡ್ಕೊಳ್ಳೋದು ಅಂತ ಒಂದೇ ಉಸಿರಲ್ಲಿ ಹೇಳ್ತಾಳೆ, ಸರಿ ಈ ಮಗ್ಗಲ್ಲಿ ಕಳ್ಕೊಂಡಿದ್ದು ಯಾರು ಅಂತ ಕೇಳಿದ್ರೆ ನನ್ನ ಮುಖ ನೋಡ್ತಾಳೆ. ಹಂಗಾಗಿ ರಜೇಲಿ ಊರಲ್ಲಿದ್ದಾಗ ಇಬ್ರೂ ಕೂತು ಮಾಡಿದ್ವಿ. ಮೊದಲು ಪುಸ್ತಕದ ಥರ, ಆಮೇಲೆ ನಮ್ಮ ಥರ. ಎರಡನೇದೇ ಚೆನ್ನಾಗಾಯ್ತು ಅನ್ನೋದು ನನ್ನ ಅಭಿಪ್ರಾಯ, ಯಾಕೆ ಅಂತ ಬರೀತೀನಿ.

ಸಾಮಾನು ಎಲ್ಲ ಮನೇಲಿ, ಅಂಗಡೀಲಿ ಸಿಗೋದೇ. ಕಾರ್ಬನ್ ಕಡ್ಡಿಗೆ ಖಾಲಿಯಾದ ಪೆನ್ಸಿಲ್ ಸೆಲ್ಲು, ಗೋಡೆ ಗಡಿಯಾರದಿಂದ ತೆಗೆದಿದ್ದು. ಸಾದಾ ಜಿಂಕ್ ಕಾರ್ಬನ್ ಸೆಲ್ಲೇ ಆಗಬೇಕು, ಆಲ್ಕಲೈನ್ ಅಂತ ಬರೆದಿದ್ರೆ ಮುಟ್ಟಬೇಡಿ, ಅದರೊಳಗೆ ಕಾಸ್ಟಿಕ್ ಪೊಟ್ಯಾಶ್ ಇರತ್ತೆ, ರೀಚಾರ್ಜಬಲ್ ಮತ್ತೆ ಲಿಥಿಯಂ ಅಂತೂ ಕನಸಲ್ಲೂ ಬಿಚ್ಚಬಾರದು. ಜಿಂಕ್ ಕಾರ್ಬನ್ ಸೆಲ್ಲಿನ ಹೊರಗಿನ ತಗಡು ಬಿಡಿಸಿ, ಮೇಲಿನ ಪ್ಲಾಸ್ಟಿಕ್ ಮುಚ್ಚಳಾನ ಇಕ್ಕಳದಲ್ಲಿ ಎತ್ತಿ, ಟೋಪಿ ಇರೋ ತುದಿ ಹಿಡಿದು ತಿರುಗಿಸ್ತಾ ಎಳೆದ್ರೆ ಕಡ್ಡಿ ಬರತ್ತೆ. ಸುಮಾರು ನಾಲ್ಕು ಮಿಲಿಮೀಟರ್ ದಪ್ಪ, ಕಿರುಬೆರಳಿಗಿಂತ ಸ್ವಲ್ಪ ಗಿಡ್ಡ. ಕೈಗೆ ಗ್ಲೌಸ್, ಕೆಳಗೆ ಹಳೇ ಪೇಪರ್ ಇರಲಿ, ಆ ಕಪ್ಪು ಪುಡಿ ಮ್ಯಾಂಗನೀಸ್ ಡೈಆಕ್ಸೈಡು, ಬಟ್ಟೆಗೆ ಹತ್ತಿದ್ರೆ ಹೋಗಲ್ಲ. ಕಡ್ಡಿಗೆ ಮೇಣದ ಪಸೆ ಇರತ್ತೆ, ಸೋಪಲ್ಲಿ ತೊಳೆದು ಸ್ಯಾಂಡ್ ಪೇಪರಲ್ಲಿ ಉಜ್ಜಬೇಕು. ಇನ್ನೊಂದು, ಕಡ್ಡಿ ತುದೀಲಿರೋ ಲೋಹದ ಟೋಪೀನ ಕಿತ್ತು ಬಿಸಾಕಬೇಕು, ಅದು ನೀರಲ್ಲಿ ಉಳಿದ್ರೆ ಪ್ಲಸ್ ಕಡೆ ಮೊದಲು ಕರಗೋದು ಅದೇ, ಆಮೇಲೆ ನಾವು ಯಾವುದನ್ನ ನೋಡ್ತಿದೀವಿ ಅನ್ನೋದೇ ಗೊತ್ತಾಗಲ್ಲ. ಸೆಲ್ ಬಿಚ್ಚೋಕೆ ಬೇಜಾರಿದ್ರೆ ಎರಡೂ ಕಡೆ ಕೆತ್ತಿದ ಪೆನ್ಸಿಲ್ಲೇ ಸಾಕು, 6ಬಿ ಥರ ಮೆತ್ತಗಿನ ಪೆನ್ಸಿಲಲ್ಲಿ ಗ್ರಾಫೈಟ್ ಜಾಸ್ತಿ ಜೇಡಿ ಕಮ್ಮಿ, ಕರೆಂಟ್ ಚೆನ್ನಾಗಿ ಹರಿಯತ್ತೆ.

ಡಬ್ಬಕ್ಕೆ ಐಸ್‌ಕ್ರೀಮಿನ ಪ್ಲಾಸ್ಟಿಕ್ ಟಬ್. ತಳಕ್ಕೆ ಕಾಯಿಸಿದ ಮೊಳೆ ಒತ್ತಿ ಐದು ಸೆಂಟಿಮೀಟರ್ ಅಂತರದಲ್ಲಿ ಎರಡು ತೂತು, ಕಡ್ಡಿ ತೂರಿಸಿ ಒಳಗೂ ಹೊರಗೂ ಎಂ-ಸೀಲ್ ಮೆತ್ತಿದ್ವಿ. ಎಂ-ಸೀಲ್ ಕಲಸಿ ಮೆತ್ತಿದ ಕೂಡಲೇ ನೀರು ಹಾಕಬೇಡಿ, ರಾತ್ರಿ ಪೂರ್ತಿ ಬಿಡಿ, ಮಳೆಗಾಲದಲ್ಲಂತೂ ಇನ್ನೂ ನಿಧಾನ. ತಳದಿಂದ ಹೊರಗೆ ಬಂದ ಕಡ್ಡೀಗೆ ಕ್ರೊಕೊಡೈಲ್ ಕ್ಲಿಪ್ಪು, ಟಬ್ಬನ್ನ ಎರಡು ಮರದ ತುಂಡಿನ ಮೇಲೆ ಇಟ್ಟಿದ್ವಿ, ಕ್ಲಿಪ್ ಒಣಗಿರಲಿ ಅಂತ. ಕರೆಂಟಿಗೆ ನಾಲ್ಕು ಟಾರ್ಚ್ ಸೆಲ್ಲು ಸಾಲಾಗಿ, 6 ವೋಲ್ಟ್. ಹಳೇ ಮೊಬೈಲ್ ಚಾರ್ಜರಿನ ವೈರ್ ಕತ್ತರಿಸಿ ಹಾಕೋದನ್ನ ತುಂಬಾ ಜನ ಮಾಡ್ತಾರೆ, ನನಗೆ ಇಷ್ಟ ಇಲ್ಲ, ಅಗ್ಗದ ಚಾರ್ಜರ್ ಒಳಗೆ ಮೇನ್ಸ್ ಕರೆಂಟಿಗೂ ಹೊರಗಿನ ವೈರಿಗೂ ಮಧ್ಯ ಏನು ರಕ್ಷಣೆ ಇದೆ ಅನ್ನೋದು ದೇವರಿಗೇ ಗೊತ್ತು, ಕೆಳಗಡೆ ಒದ್ದೆ ಕೈ ಇಟ್ಕೊಂಡು ಮಕ್ಕಳು ಕೂತಿರ್ತಾರೆ.

ಗ್ಯಾಸ್ ಹಿಡಿಯೋಕೆ ಪ್ರನಾಳದ ಬದಲು ಮೆಡಿಕಲ್ ಶಾಪಿನ 10 ಮಿಲಿಲೀಟರ್ ಸಿರಿಂಜು, ಸೂಜಿ ಬೇಡ, ಪಿಸ್ಟನ್ ಎಳೆದು ತೆಗೆದು ಮೂತಿಗೆ ಎಂ-ಸೀಲ್ ಮೆತ್ತೋದು. ಇದು ಪುಸ್ತಕದ ಪ್ರನಾಳಕ್ಕಿಂತ ಎಷ್ಟೋ ವಾಸಿ, ಯಾಕಂದ್ರೆ ಸಿರಿಂಜಿನ ಅಳತೆ ಗೆರೆ ಮೂತಿ ಕಡೆಯಿಂದ ಸೊನ್ನೆ ಶುರುವಾಗತ್ತೆ, ಮೂತಿ ಮೇಲೆ ಮಾಡಿ ಬೋರಲು ಹಾಕಿದ್ರೆ ಮೇಲೆ ಎಷ್ಟು ಗ್ಯಾಸ್ ತುಂಬಿದೆ ಅಂತ ನೇರ ಓದಬಹುದು. ಮೂತಿಯೊಳಗೆ ನಿಲ್ಲೋ ಒಂದು ಚೂರು ಗ್ಯಾಸು ಲೆಕ್ಕಕ್ಕೆ ಬರಲ್ಲ ಅಷ್ಟೆ. ಸಿರಿಂಜು ತುಂಬಾ ದ್ರಾವಣ ತುಂಬಿ, ಬಾಯಿಗೆ ಬೆರಳು ಒತ್ತಿ, ಟಬ್ಬಲ್ಲಿ ಮುಳುಗಿಸಿ ಬೋರಲು ಮಾಡಿ ಕಡ್ಡಿ ಮೇಲೆ ಇಳಿಸಬೇಕು.

ದ್ರಾವಣಕ್ಕೆ ಪುಸ್ತಕದಲ್ಲಿ ಸಲ್ಫ್ಯೂರಿಕ್ ಆಸಿಡ್ ಕೆಲವು ಹನಿ ಅಂತಿದೆ, ಮನೇಲಿ ಅದು ಬೇಡ. ವಾಷಿಂಗ್ ಸೋಡಾ ದಿನಸಿ ಅಂಗಡೀಲಿ ಸಿಗತ್ತೆ, ಅರ್ಧ ಲೀಟರಿಗೆ ಒಂದು ದೊಡ್ಡ ಚಮಚ. ಉಪ್ಪು ಹಾಕಬಾರದಾ ಅಂತ ಕೇಳಿದ್ಲು, ಅದನ್ನ ಬೇರೆ ಮಾಡಣ ಅಂತ ಎತ್ತಿಟ್ವಿ, ಕಾರಣ ಮುಂದೆ ಬರತ್ತೆ.

ವೈರ್ ಕೊಟ್ಟ ಮೇಲೆ ನೋಡಿದ್ರೆ ಮಲ್ಟಿಮೀಟರಲ್ಲಿ ಕರೆಂಟೇ ಇಲ್ಲ ಅನ್ನೋ ಅಷ್ಟು ಕಮ್ಮಿ. "ಮಾಮಾ, ಗುಳ್ಳೆ ಬರ್ತಾನೇ ಇಲ್ವಲ್ಲಾ" ಅಂದ್ಲು. ಕ್ಲಿಪ್ ಅಲ್ಲಾಡಿಸಿ ನೋಡಿದ್ವಿ, ಸೆಲ್ ನೋಡಿದ್ವಿ, ಎಲ್ಲ ಸರಿ ಇದೆ. ತೊಂದರೆ ಇದ್ದಿದ್ದು ಸಿರಿಂಜಲ್ಲಿ, ಅದರ ಬಾಯಿ ಟಬ್ಬಿನ ತಳಕ್ಕೆ ಗಟ್ಟಿಯಾಗಿ ಕೂತ್ಬಿಟ್ಟಿತ್ತು, ಒಳಗಿನ ದ್ರಾವಣಕ್ಕೂ ಹೊರಗಿನ ದ್ರಾವಣಕ್ಕೂ ಸಂಪರ್ಕ ಇಲ್ಲ, ವೈರಲ್ಲಿ ಎಲೆಕ್ಟ್ರಾನ್ ಹರಿಯೋಕೆ ರೆಡಿ ಇದ್ರೂ ನೀರಲ್ಲಿ ಅಯಾನುಗಳಿಗೆ, ಅಂದ್ರೆ ಕರೆಂಟ್ ಹೊರೋ ಚಾರ್ಜ್ ಇರೋ ಕಣಗಳಿಗೆ, ದಾರಿ ಇಲ್ಲ. ಸಿರಿಂಜಿನ ಬಾಯಿ ಕೆಳಗೆ ಎರಡೆರಡು ಬೆಂಕಿಕಡ್ಡಿ ತುಂಡು ಇಟ್ಟು ಎತ್ತಿದ ಕೂಡಲೇ ಮೀಟರ್ 0.1 ಆಂಪಿಯರಿಗೆ ಬಂತು, ಮೈನಸ್ ಕಡ್ಡಿ ತುಂಬಾ ಹಾಲಿನ ಹಾಗೆ ಬೆಳ್ಳಗೆ ಸಣ್ಣ ಗುಳ್ಳೆ, ಪ್ಲಸ್ ಕಡ್ಡೀಲಿ ಸ್ವಲ್ಪ ದಪ್ಪ ಗುಳ್ಳೆ, ನಿಧಾನಕ್ಕೆ ಬಿಟ್ಟು ಬಿಟ್ಟು ಮೇಲೇಳ್ತಿತ್ತು.

ಹತ್ತು ನಿಮಿಷಕ್ಕೆ ಮೈನಸ್ ಸಿರಿಂಜಲ್ಲಿ ಏಳು ಮಿಲಿಲೀಟರ್ ದಾಟಿತ್ತು, ಪ್ಲಸ್ ಕಡೆ ಮೂರಕ್ಕಿಂತ ಸ್ವಲ್ಪ ಮೇಲೆ. ಲೆಕ್ಕ ಹಾಕಿದ್ರೆ 0.1 ಆಂಪಿಯರ್ 600 ಸೆಕೆಂಡಿಗೆ 60 ಕೂಲಂಬ್ (ಹರಿದ ಒಟ್ಟು ಚಾರ್ಜು), ನಮ್ಮ ಕಡೆಯ ಸೆಖೇಲಿ ಅಷ್ಟಕ್ಕೆ ಹೈಡ್ರೋಜನ್ ಸುಮಾರು 7.6, ಆಕ್ಸಿಜನ್ ಸುಮಾರು 3.8 ಮಿಲಿಲೀಟರ್ ಬರಬೇಕು. ಹೈಡ್ರೋಜನ್ ಹತ್ತಿರ ಹತ್ತಿರ ಬಂತು. ಆಕ್ಸಿಜನ್ ಕಮ್ಮಿ ಬರೋದಕ್ಕೆ ಕಾರಣ ಇದೆ, ಅದು ನೀರಲ್ಲಿ ಹೈಡ್ರೋಜನ್‌ಗಿಂತ ಸ್ವಲ್ಪ ಜಾಸ್ತಿ ಕರಗತ್ತೆ, ಅದಕ್ಕಿಂತ ಮುಖ್ಯ ಏನಂದ್ರೆ ಅಲ್ಲೇ ಇರೋ ಕಾರ್ಬನ್ ಕಡ್ಡೀನೂ ಒಂಚೂರು ಉತ್ಕರ್ಷಣ ಆಗತ್ತೆ, ಕಾರ್ಬನ್ ಡೈಆಕ್ಸೈಡ್ ಆಗಿ ಸೋಡಾ ನೀರಲ್ಲೇ ಸೇರ್ಕೊಳ್ಳತ್ತೆ. ಕೆಲಸ ಮುಗಿದ ಮೇಲೆ ಟಬ್ಬಿನ ತಳ ನೋಡಿ, ಪ್ಲಸ್ ಕಡ್ಡಿ ಬುಡದಲ್ಲಿ ಮಾತ್ರ ಕಪ್ಪು ಪುಡಿ ಬಿದ್ದಿರತ್ತೆ, ಮೈನಸ್ ಕಡ್ಡಿ ಬುಡ ಕ್ಲೀನಾಗಿರತ್ತೆ. ಪುಸ್ತಕದ ಎರಡಕ್ಕೆ ಒಂದು ಅನುಪಾತ ಸರಿಯಾಗಿ ಬರಲಿಲ್ಲ ಅಂತ ಮಕ್ಕಳು ರೀಡಿಂಗ್ ತಿದ್ದಿ ಬರೀತಾರೆ, ತಿದ್ದೋದು ಬೇಡ, ಆ ಪುಡಿ ಕಡೆ ಬೆರಳು ತೋರಿಸಿ.

ಟೆಸ್ಟ್ ಸುಲಭ. ಹೈಡ್ರೋಜನ್ ಸಿರಿಂಜನ್ನ ಬಾಯಿ ಕೆಳಗೇ ಇಟ್ಟು ಎತ್ತಿ ಬೆಂಕಿಕಡ್ಡಿ ಹಿಡಿದ್ರೆ ಪಟ್ ಅಂತ ಸಣ್ಣ ಸದ್ದು. ಆಕ್ಸಿಜನ್ನಿಗೆ ಬಾಯಿ ಮುಚ್ಚಿ ತಿರುಗಿಸಿ, ಬೆರಳು ತೆಗೆದು ಕೆಂಡ ಇರೋ ಊದುಬತ್ತಿ ಇಳಿಸಿದ್ರೆ ಕೆಂಡ ಝಗ್ ಅಂತ ಹೊಳೆಯತ್ತೆ. ಈ ಅಳತೇಲಿ ಅಪಾಯ ಇಲ್ಲ, ಆದ್ರೆ ಎರಡೂ ಗ್ಯಾಸನ್ನ ಒಂದೇ ಬಾಟಲಿಗೆ ತುಂಬಿ ಮುಚ್ಚಳ ಹಾಕಿ ಹಚ್ಚಿ ನೋಡಣ ಅನ್ನೋ ಯೋಚನೆ ಯಾರಿಗಾದ್ರೂ ಬಂದ್ರೆ ಅಲ್ಲಿಗೇ ಬಿಡಿ, ಅದು ಸ್ಫೋಟಕ.

ಇಷ್ಟಾದ್ಮೇಲೆ ಪುನಃ ಅದೇ ಪ್ರಶ್ನೆ ಕೇಳ್ದೆ, ಎಲೆಕ್ಟ್ರಾನ್ ಕೊಟ್ಟಿದ್ದು ಯಾರು, ತಗೊಂಡಿದ್ದು ಯಾರು? ಉತ್ತರ ಬರಲಿಲ್ಲ, ಅವಳದ್ದೂ ತಪ್ಪಲ್ಲ, ಎರಡೂ ಕಡೆ ಕಾಣೋದು ಗುಳ್ಳೆ, ಎರಡಕ್ಕೂ ಬಣ್ಣ ಇಲ್ಲ ವಾಸನೆ ಇಲ್ಲ, ಕೊಟ್ಟಿದ್ದೂ ನೀರೇ ತಗೊಂಡಿದ್ದೂ ನೀರೇ. ರೆಡಾಕ್ಸ್, ಅಂದ್ರೆ ಈ ಎಲೆಕ್ಟ್ರಾನ್ ಕೊಟ್ಟು ತಗೊಳ್ಳೋ ಕ್ರಿಯೆ, ಕಲಿಸೋಕೆ ಇದರಷ್ಟು ಗೊಂದಲದ ಉದಾಹರಣೆ ಇನ್ನೊಂದಿಲ್ಲ ಅನ್ಸತ್ತೆ ನನಗೆ. ಗ್ಯಾಸಿನ ಅನುಪಾತ ತೋರ್ಸೋಕೆ ಚೆನ್ನಾಗಿದೆ, ಅಷ್ಟೆ.

ಅಲ್ಲಿಂದ ಬಣ್ಣಕ್ಕೆ ಹೋದ್ವಿ. ಬಿಳಿ ಸಾಸರಲ್ಲಿ ಟಿಶ್ಯೂ ಪೇಪರ್ ಚೂರು, ಅದಕ್ಕೆ ಅರಿಶಿನ ಕಲಸಿದ ಉಪ್ಪು ನೀರು. 9 ವೋಲ್ಟ್ ಬ್ಯಾಟರಿಯ ಪ್ಲಸ್ಸಿಗೆ ಸಿಕ್ಕಿಸಿದ ಪೆನ್ಸಿಲ್ಲನ್ನ ಪೇಪರಿನ ಮೂಲೇಲಿ ಒತ್ತಿ ಹಿಡಿದು, ಮೈನಸ್ ಪೆನ್ಸಿಲಲ್ಲಿ ನಿಧಾನಕ್ಕೆ ಗೀಚಿದ್ರೆ ಗೀಚಿದ ದಾರೀಲೆಲ್ಲ ಕೆಂಪು ಗೆರೆ ಮೂಡತ್ತೆ, ಅವಳು ತನ್ನ ಹೆಸರೇ ಬರೆದ್ಲು. ಆರತಿಗೆ ಅರಿಶಿನದ ನೀರಿಗೆ ಸುಣ್ಣ ಹಾಕಿ ಕೆಂಪು ಮಾಡ್ತಾರಲ್ಲ, ಅದೇ ರಾಸಾಯನಿಕ ಕ್ರಿಯೆ ಇದು, ಸುಣ್ಣದ ಬದಲು ಇಲ್ಲಿ ಮೈನಸ್ ತುದೀಲಿ ನೀರು ಎಲೆಕ್ಟ್ರಾನ್ ತಗೊಂಡು ಹೈಡ್ರೋಜನ್ ಬಿಟ್ಟು ಉಳಿಸೋ ಹೈಡ್ರಾಕ್ಸೈಡು ಕ್ಷಾರ ಕೊಡತ್ತೆ. ಅಜ್ಜಿ ಪಕ್ಕದಲ್ಲೇ ಕೂತು ನೋಡ್ತಿದ್ರು, ಸುಣ್ಣ ಎಲ್ಲಿ ಹಾಕಿದ್ಯೇ ಅಂತ ಕೇಳಿದ್ರು. ವಾಷಿಂಗ್ ಸೋಡಾದಲ್ಲಿ ಇದು ಆಗಲ್ಲ, ಅದು ಮೊದಲೇ ಕ್ಷಾರ, ಅರಿಶಿನ ಹಾಕಿದ ತಕ್ಷಣ ಇಡೀ ಪೇಪರ್ ಕೆಂಪಾಗ್ಬಿಡತ್ತೆ.

ಪ್ಲಸ್ ಕಡೆ ನೋಡೋಕೆ ದಾಸವಾಳ ಬೇಕು. ಕೆಂಪು ದಾಸವಾಳದ ಎಸಳನ್ನ ಬಿಸಿ ನೀರಲ್ಲಿ ಹಾಕಿಟ್ರೆ ಬರೋ ನೇರಳೆ ಬಣ್ಣದ ನೀರು ಆಸಿಡ್ಡಿಗೆ ಗುಲಾಬಿ, ಕ್ಷಾರಕ್ಕೆ ಹಸಿರು. ಇದನ್ನ ಎರಡು ದ್ರಾವಣದಲ್ಲಿ ಮಾಡಿದ್ವಿ. ಒಂದು ಗೊಬ್ಬರದಂಗಡಿಯ ಮೆಗ್ನೀಷಿಯಂ ಸಲ್ಫೇಟು, ತೋಟಕ್ಕೆ ಹಾಕೋಕೆ ತಂದಿದ್ದು, ಅದರಲ್ಲಿ ಮೈನಸ್ ಸುತ್ತ ಹಸಿರು, ಪ್ಲಸ್ ಸುತ್ತ ಗುಲಾಬಿ (ನೀರು ಎಲೆಕ್ಟ್ರಾನ್ ಕೊಟ್ಟಾಗ ಅಲ್ಲಿ ಆಸಿಡ್ ಹುಟ್ಟತ್ತೆ), ಎಷ್ಟು ಹೊತ್ತು ಬಿಟ್ರೂ ಹಂಗೇ. ಇನ್ನೊಂದು ಅಡುಗೆ ಉಪ್ಪಿನ ಗಟ್ಟಿ ದ್ರಾವಣ, ಅದರಲ್ಲಿ ಮೈನಸ್ ಕಡೆ ಅದೇ ಹಸಿರು, ಪ್ಲಸ್ ಕಡೆ ಮೊದಲು ಒಂದು ಗಳಿಗೆ ಗುಲಾಬಿ ಬಂದು ಆಮೇಲೆ ಪೆನ್ಸಿಲ್ ಮೊನೆ ಸುತ್ತ ಬಿಳಿ ಚುಕ್ಕಿ ಶುರುವಾಗಿ ದೊಡ್ಡದಾಗ್ತಾ ಹೋಯ್ತು, ಜೊತೆಗೆ ಬ್ಲೀಚಿಂಗ್ ಪೌಡರ್ ವಾಸನೆ. ಕ್ಲೋರಿನ್. ಇಲ್ಲಿ ಎಲೆಕ್ಟ್ರಾನ್ ಕೊಟ್ಟಿದ್ದು ನೀರಲ್ಲ, ಉಪ್ಪಿನ ಕ್ಲೋರೈಡು. ಯಾವುದು ಎಷ್ಟು ವೋಲ್ಟಿಗೆ ಎಲೆಕ್ಟ್ರಾನ್ ಕೊಡತ್ತೆ ಅನ್ನೋ ಪಟ್ಟಿ ಮಾತ್ರ ನೋಡಿದ್ರೆ ನೀರೇ ಮೊದಲು ಕೊಡಬೇಕಿತ್ತು, ನೀರಿನದ್ದು 1.23, ಕ್ಲೋರೈಡಿನದ್ದು 1.36, ಆದ್ರೆ ಕಾರ್ಬನ್ ಮೇಲೆ ಆಕ್ಸಿಜನ್ ಹುಟ್ಟೋಕೆ ಪಟ್ಟೀಲಿರೋದಕ್ಕಿಂತ ಎಷ್ಟೋ ಜಾಸ್ತಿ ವೋಲ್ಟೇಜ್ ಬೇಕು, ಅದಕ್ಕೇ ಗಟ್ಟಿ ಉಪ್ಪು ನೀರಲ್ಲಿ ಕ್ಲೋರಿನ್ ಗೆಲ್ಲತ್ತೆ, ತೆಳು ಮಾಡ್ತಾ ಹೋದಂಗೆ ಆಕ್ಸಿಜನ್ ಪಾಲು ಜಾಸ್ತಿ. ಉಪ್ಪನ್ನ ಟಬ್ಬಲ್ಲಿ ಮಾಡದೆ ಸಾಸರಲ್ಲಿ ಹನಿ ಲೆಕ್ಕದಲ್ಲಿ ಮಾಡಿದ್ದು ಇದೇ ಕಾರಣಕ್ಕೆ, ಕಿಟಕಿ ತೆಗೆದು, ಒಂದೆರಡು ನಿಮಿಷ ಅಷ್ಟೆ, ಬಗ್ಗಿ ಮೂಸೋದು ಬೇಡ. ಕಾರವಾರದ ಬಿಣಗಾದ ಕಾಸ್ಟಿಕ್ ಸೋಡಾ ಫ್ಯಾಕ್ಟರೀಲಿ ನಡೆಯೋದೂ ಉಪ್ಪು ನೀರಿನ ವಿದ್ಯುದ್ವಿಭಜನೇನೇ.

ಅದೇ ಉಪ್ಪು ನೀರಲ್ಲಿ ಪ್ಲಸ್ಸಿಗೆ ಪೆನ್ಸಿಲ್ ಬದಲು ಕಬ್ಬಿಣದ ಮೊಳೆ ಕೊಟ್ರೆ ಕಥೆ ಪೂರ್ತಿ ಬೇರೆ. ವಾಸನೆ ಇಲ್ಲ, ಮೊಳೆ ಕಡೆ ಗುಳ್ಳೆ ಇಲ್ಲ, ಮೊಳೆಯಿಂದ ಕೊಳಕು ಹಸಿರು ಬಣ್ಣದ ಲೋಳೆ ಇಳಿಯತ್ತೆ, ಗಾಳಿ ತಾಗಿದಂಗೆ ಕಂದು ಆಗತ್ತೆ. ಕಬ್ಬಿಣಕ್ಕೆ ಎಲೆಕ್ಟ್ರಾನ್ ಕೊಡೋದು ಕ್ಲೋರೈಡಿಗಿಂತ, ನೀರಿಗಿಂತ ಸುಲಭ, ಅದೇ ಮುಂದೆ ಬಂತು. ಸ್ಟೀಲ್ ಚಮಚ ಮಾತ್ರ ಪ್ಲಸ್ಸಿಗೆ ಹಾಕಬೇಡಿ, ಅದರಲ್ಲಿರೋ ಕ್ರೋಮಿಯಂ ನಿಕ್ಕಲ್ ನೀರಿಗೆ ಬರತ್ತೆ, ಕ್ರೋಮಿಯಂ ಕೆಲವು ಸಲ ಬಹಳ ವಿಷದ ರೂಪದಲ್ಲಿ ಬರತ್ತೆ. 1800ರಲ್ಲಿ ಲಂಡನ್ನಿನಲ್ಲಿ ನಿಕಲ್ಸನ್ ಮತ್ತು ಕಾರ್ಲೈಲ್ ವೋಲ್ಟಾನ ಬ್ಯಾಟರಿ ಸುದ್ದಿ ಕೇಳಿ ಮೊದಲ ಸಲ ನೀರಿಗೆ ಕರೆಂಟ್ ಬಿಟ್ಟಾಗ್ಲೂ ಹಿಂಗೇ ಆಗಿತ್ತು, ಹಿತ್ತಾಳೆ ತಂತಿ ಹಾಕಿದ್ರು, ಒಂದು ಕಡೆ ಹೈಡ್ರೋಜನ್ ಬಂತು, ಇನ್ನೊಂದು ಕಡೆ ಗ್ಯಾಸೇ ಇಲ್ಲ, ತಂತಿ ಕೆಟ್ಟು ಹೋಯ್ತು. ಪ್ಲಾಟಿನಂ ತಂತಿ ಹಾಕಿದ ಮೇಲೇ ಎರಡೂ ಕಡೆ ಗ್ಯಾಸ್ ಸಿಕ್ಕಿದ್ದು. ಪ್ಲಸ್ ತುದೀಲಿ ಏನಾಗತ್ತೆ ಅನ್ನೋದು ನೀರಲ್ಲಿ ಏನಿದೆ ಅನ್ನೋದರ ಮೇಲೆ ಎಷ್ಟು ನಿಂತಿದೆಯೋ ತುದಿ ಯಾವುದು ಅನ್ನೋದರ ಮೇಲೂ ಅಷ್ಟೇ ನಿಂತಿದೆ, ಪುಸ್ತಕದಲ್ಲಿ ಈ ಮಾತಿಗೆ ಜಾಗ ಕಮ್ಮಿ.

ಈಗ ಮೈಲುತುತ್ತ, ಅಂದ್ರೆ ತಾಮ್ರದ ಸಲ್ಫೇಟು. ಅಡಿಕೆ ತೋಟ ಇರೋ ಮನೇಲಿ ಇದು ಚೀಲದಲ್ಲೇ ಇರತ್ತೆ, ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಅನ್ನೋ ಔಷಧಿ ಹೊಡೆಯೋಕೆ, ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಮೈಸೂರು ಸಂಸ್ಥಾನದಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಹಿಂದಿನ ಶತಮಾನದ ಶುರುವಲ್ಲಿ ಕೊಳೆರೋಗದ ಮೇಲೆ ಕೆಲಸ ಮಾಡಿ ಈ ಔಷಧೀನ ಮಲೆನಾಡಿನ ತೋಟಕ್ಕೆ ತಂದ್ರು, ಇವತ್ತಿಗೂ ಮಳೆಗಾಲಕ್ಕೆ ಮುಂಚೆ ಕೊನೆಗೌಡರು ಮರ ಹತ್ತಿ ಹೊಡೆಯೋದು ಅದನ್ನೇ. ಕಲಸಿದ ಮೇಲೆ ಸರಿಯಾಗಿದೆಯಾ ಅಂತ ನೋಡೋಕೆ ಒಂದು ಪರೀಕ್ಷೆ ಇದೆ, ತಿಕ್ಕಿ ಬೆಳ್ಳಗೆ ಮಾಡಿದ ಕತ್ತಿ ಅದ್ದಿ ಸ್ವಲ್ಪ ಹೊತ್ತು ಹಿಡಿಯೋದು, ಕತ್ತಿ ಕೆಂಪಾದ್ರೆ ಸುಣ್ಣ ಸಾಲದು, ಇನ್ನೂ ಹಾಕು ಅಂತ. ಇವಳು ಇದನ್ನ ಚಿಕ್ಕಂದಿನಿಂದ ನೋಡಿದಾಳೆ, ಅದೇ ರೆಡಾಕ್ಸ್ ಕ್ರಿಯೆ ಅಂತ ಮಾತ್ರ ಯಾರೂ ಹೇಳಿರಲಿಲ್ಲ. ಕಬ್ಬಿಣ ಎಲೆಕ್ಟ್ರಾನ್ ಕೊಟ್ಟು ನೀರಿಗೆ ಇಳಿಯತ್ತೆ, ತಾಮ್ರದ ಅಯಾನು ಅದನ್ನ ತಗೊಂಡು ಲೋಹವಾಗಿ ಕತ್ತಿ ಮೇಲೆ ಕೂರತ್ತೆ, ಬ್ಯಾಟರಿ ಬೇಡ ಏನೂ ಬೇಡ. ಮೈಲುತುತ್ತ ಕರಗಿಸೋಕೆ ಕಬ್ಬಿಣದ ಬಕೆಟ್ ಬೇಡ ಪ್ಲಾಸ್ಟಿಕ್ ಡ್ರಮ್ಮೇ ಆಗಬೇಕು ಅಂತ ಅಪ್ಪ ಬೈತಿದ್ದಿದ್ದೂ ಇದಕ್ಕೇ.

ಗಾಜಿನ ಬಾಟಲೀಲಿ 25 ಗ್ರಾಂ ಮೈಲುತುತ್ತ, ಕಾಲು ಲೀಟರ್ ನೀರು. ನೀರು ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ಇದ್ರೆ ಒಳ್ಳೇದು, ಬೋರ್‌ವೆಲ್ ನೀರಿನ ಗಡಸಿಗೆ ತಿಳಿ ನೀಲಿ ಗಸಿ ಕೂರತ್ತೆ. ಇದು ವಿಷ, ಊಟದ ಪಾತ್ರೆ ಬಳಸಬಾರದು, ಗ್ಲೌಸ್ ಹಾಕಿ, ಕಣ್ಣಿಗೆ ಹಾರದಂಗೆ ನೋಡ್ಕೊಳ್ಳಿ. ಹೊಸ ಕಾರ್ಬನ್ ಕಡ್ಡಿ ಎರಡು, ಈ ಸಲ 6 ವೋಲ್ಟ್ ಬೇಡ, ಎರಡೇ ಟಾರ್ಚ್ ಸೆಲ್, 3 ವೋಲ್ಟ್. 9 ವೋಲ್ಟ್ ಬ್ಯಾಟರೀಲಿ ಮಾಡಿದ್ರೆ ತಾಮ್ರ ಅವಸರದಲ್ಲಿ ಬಂದು ಕಪ್ಪು ಕಂದು ಪುಡಿ ಪುಡಿಯಾಗಿ ಉದುರತ್ತೆ, ನೋಡಿದ್ರೆ ತಾಮ್ರ ಅಂತ ಯಾರೂ ನಂಬಲ್ಲ. ಮೆಲ್ಲಗೆ ಬಿಟ್ರೆ ಹೊಸ ಚೊಂಬಿನ ಬಣ್ಣ ಬರತ್ತೆ.

ಮೀಟರಲ್ಲಿ ಸುಮಾರು 0.05 ಆಂಪಿಯರ್. ಅರ್ಧ ನಿಮಿಷದೊಳಗೇ ಮೈನಸ್ ಕಡ್ಡಿ, ನೀರಲ್ಲಿ ಮುಳುಗಿದ ಅಷ್ಟು ಭಾಗ ಮಾತ್ರ, ಕಪ್ಪಿನಿಂದ ಗುಲಾಬಿ ಕೆಂಪಿಗೆ ತಿರುಗ್ತು, ಗುಳ್ಳೆ ಒಂದೂ ಇಲ್ಲ. ಪ್ಲಸ್ ಕಡ್ಡೀಲಿ ಗುಳ್ಳೆ. ಇಲ್ಲಿ ಪ್ರಶ್ನೆ ಕೇಳೋದೇ ಬೇಕಾಗಲಿಲ್ಲ, ತಗೊಂಡಿದ್ದು ತಾಮ್ರ ಮಾಮ, ಕೊಟ್ಟಿದ್ದು ನೀರು, ಅಂತ ಅವಳೇ ಹೇಳಿದ್ಲು. ನೀಲಿ ಬಣ್ಣ ಯಾರದ್ದು ಅಂದೆ, ತಾಮ್ರದ ಅಯಾನಿಂದು, ಹಂಗಾದ್ರೆ ಸುಮಾರು ಹೊತ್ತು ಬಿಟ್ರೆ ನೀಲಿ ಕಮ್ಮಿ ಆಗಬೇಕಲ್ವಾ ಅಂತ ಅವಳದ್ದೇ ಪ್ರಶ್ನೆ. ಆಗತ್ತೆ, ಆದ್ರೆ ಈ ಕರೆಂಟಲ್ಲಿ ದಿನಗಟ್ಟಲೆ ಕಾಯಬೇಕು, ನೋಡಲೇಬೇಕು ಅಂದ್ರೆ ತೀರಾ ತೆಳು ದ್ರಾವಣ ಸಣ್ಣ ಬಟ್ಟಲಲ್ಲಿ ಮಾಡಿ.

ಹತ್ತು ನಿಮಿಷ ಆದ್ಮೇಲೆ ಏನನ್ನೂ ಅಲ್ಲಾಡಿಸದೆ ವೈರ್ ಮಾತ್ರ ಅದಲು ಬದಲು ಮಾಡಿದ್ವಿ, ಪ್ಲಸ್ ಇದ್ದಿದ್ದು ಮೈನಸ್ಸಿಗೆ. ಇಡೀ ಪ್ರಯೋಗದಲ್ಲಿ ನನಗೆ ತುಂಬಾ ಇಷ್ಟವಾಗಿದ್ದು ಮುಂದಿನ ಈ ಕೆಲವು ನಿಮಿಷಗಳೇ. ತಾಮ್ರ ಕೂತಿದ್ದ ಕಡ್ಡಿ ಈಗ ಪ್ಲಸ್, ಅಲ್ಲಿ ಗುಳ್ಳೆ ಬರಬೇಕಿತ್ತು, ಬರಲಿಲ್ಲ. ಎರಡು ಕಡೇನೂ ಗುಳ್ಳೆ ಇಲ್ಲ, ಆದ್ರೂ ಮೀಟರ್ ಹತ್ತಿರ ಹತ್ತಿರ 0.1 ತೋರಿಸ್ತಿದೆ, ಮೊದಲಿನ ಎರಡರಷ್ಟು. ಒಂದು ಕಡ್ಡೀಲಿ ಕೆಂಪು ತೆಳುವಾಗ್ತಿದೆ, ಇನ್ನೊಂದರಲ್ಲಿ ಕೆಂಪು ಏರ್ತಿದೆ. ಐದಾರು ನಿಮಿಷ ಹೋಗೋ ಹೊತ್ತಿಗೆ ಕಡ್ಡಿಯ ಕೆಳ ತುದಿಯಿಂದ ಕಪ್ಪು ಕಾಣಿಸ್ಕೊಂಡು ಮೇಲೆ ಹತ್ತುತಾ ಬಂತು, ಕೊನೇ ಕೆಂಪು ಚೂರು ಹೋಗ್ತಿದ್ದಂಗೆ ಮೀಟರ್ ಸರ್ರನೆ ಅರ್ಧಕ್ಕೆ ಇಳೀತು, ಅದೇ ಕ್ಷಣಕ್ಕೆ ಗುಳ್ಳೆ ಶುರು. ಎಲೆಕ್ಟ್ರಾನ್ ಕೊಡೋಕೆ ತಾಮ್ರ ಇರೋವರೆಗೂ ನೀರಿನ ಸುದ್ದಿಗೇ ಹೋಗಲ್ಲ, ತಾಮ್ರಕ್ಕೆ 0.34 ವೋಲ್ಟ್ ಸಾಕು, ನೀರಿಗೆ 1.23, ತಾಮ್ರ ಮುಗಿದ ಮೇಲೆ ಬೇರೆ ದಾರಿ ಇಲ್ಲದೆ ನೀರು. 3 ವೋಲ್ಟಲ್ಲಿ ಒಂದು ಪಾಲು ನೀರನ್ನ ಒಡೆಯೋಕೇ ಖರ್ಚಾಗತ್ತೆ, ಅದಕ್ಕೇ ಕರೆಂಟ್ ಇಳಿಯೋದು. ಮತ್ತೆ ಹತ್ತು ನಿಮಿಷ 0.05ರಲ್ಲಿ ಕೂತಿದ್ದು ಐದಾರು ನಿಮಿಷ 0.1ರಲ್ಲಿ ಕರಗಿದ್ದು ಗಮನಿಸಿ, ಗುಣಿಸಿದ್ರೆ ಎರಡೂ ಒಂದೇ ಅಂದಾಜಿಗೆ ಬರತ್ತೆ, ಅಂಗಡೀಲಿ ಉದ್ರಿ ಬರೆಸಿದಷ್ಟೇ ತೀರಿಸಿದ ಹಾಗೆ.

ಕೆಲಸ ಮುಗಿದ ಮೈಲುತುತ್ತದ ನೀರನ್ನ ಬಚ್ಚಲಿಗೆ, ಹಳ್ಳಕ್ಕೆ ಚೆಲ್ಲಬೇಡಿ, ಮೀನಿಗೆ ಇದು ಬಹಳ ಕೆಟ್ಟದ್ದು. ತೋಟ ಇರೋರು ಬಾಟಲೀಲಿ ಹೆಸರು ಬರೆದಿಟ್ಟು ಮುಂದಿನ ಬೋರ್ಡೋಗೆ ಸುಣ್ಣದ ಜೊತೆ ಸೇರಿಸಬಹುದು. ಪೇಟೇಲಿರೋರು ತುಕ್ಕಿಲ್ಲದ ಕಬ್ಬಿಣದ ಮೊಳೆ ಒಂದು ಹಿಡಿ ಹಾಕಿ ನೀಲಿ ಹೋಗೋವರೆಗೂ ಬಿಟ್ರೆ ತಾಮ್ರ ಎಲ್ಲ ಮೊಳೆ ಮೇಲೆ ಬರತ್ತೆ, ಉಳಿಯೋದು ಕಬ್ಬಿಣದ ಸಲ್ಫೇಟು.

ಕೊನೇದಾಗಿ ತೂಕ. ಎರಡೂ ಕಡೆ ತಾಮ್ರವನ್ನೇ ಹಾಕಿದ್ರೆ ಪ್ಲಸ್ ಕಡೆ ಕರಗಿದಷ್ಟೇ ಮೈನಸ್ ಕಡೆ ಕೂರಬೇಕು, ನೀಲಿ ಬಣ್ಣ ಹಂಗೇ ಇರಬೇಕು. ಅರ್ಥಿಂಗಿಗೆ ಬಳಸೋ 14 ಗೇಜಿನ ಬೋಳು ತಾಮ್ರದ ತಂತಿ, ಒಂದೊಂದು ಅಡಿ ಸುರುಳಿ ಸುತ್ತಿ, ಹುಣಸೆಹಣ್ಣು ಉಪ್ಪು ಹಾಕಿ ಉಜ್ಜಿ ತೊಳೆದು, ಸ್ಯಾನಿಟೈಸರಲ್ಲಿ ಅದ್ದಿ ಒಣಗಿಸಿ, 0.01 ಗ್ರಾಂ ತೋರ್ಸೋ ಸಣ್ಣ ತಕ್ಕಡೀಲಿ ಇಟ್ವಿ. ತೂಕ ಮಾಡೋಕೆ ಮುಂಚೆ ಬೆರಳು ತಾಗಿಸಬೇಡಿ, ಎಣ್ಣೆ ಪಸೆ ಇದ್ದ ಜಾಗದಲ್ಲಿ ತಾಮ್ರ ಸರಿಯಾಗಿ ಹಿಡಿಯಲ್ಲ. 3 ವೋಲ್ಟಿಗೆ 10 ಓಮಿನ ರೆಸಿಸ್ಟರ್ ಸಾಲಾಗಿ ಹಾಕಿದ್ರೆ 0.2 ಆಂಪಿಯರ್ ಹತ್ರ ಬರತ್ತೆ. ಒಂದು ಗಂಟೆಗೆ 720 ಕೂಲಂಬ್, ಅದನ್ನ 96,485ರಿಂದ (ಒಂದು ಮೋಲ್ ಎಲೆಕ್ಟ್ರಾನಿನ ಚಾರ್ಜು) ಭಾಗಿಸಿ, ಒಂದೊಂದು ತಾಮ್ರದ ಅಯಾನಿಗೆ ಎರಡೆರಡು ಎಲೆಕ್ಟ್ರಾನ್ ಬೇಕಾದ್ದರಿಂದ ಅರ್ಧ ಮಾಡಿ, ತಾಮ್ರದ ಪರಮಾಣು ತೂಕ 63.5ರಿಂದ ಗುಣಿಸಿದ್ರೆ 0.237 ಗ್ರಾಂ. 1830ರ ದಶಕದಲ್ಲಿ ಫ್ಯಾರಡೆ ಹಾಕಿಕೊಟ್ಟ ಲೆಕ್ಕ.

ನಮಗೆ ಸಿಕ್ಕಿದ್ದು, ಪ್ಲಸ್ ತಂತಿ 0.25 ಗ್ರಾಂ ಇಳಿದಿತ್ತು, ಮೈನಸ್ ತಂತಿ 0.22 ಏರಿತ್ತು. ಪ್ಲಸ್ ಕಡೆ ಜಾಸ್ತಿ ಇಳಿದಿದ್ದಕ್ಕೆ ತಂತಿಯಿಂದ ಕರಗದೆ ಹಂಗೇ ಉದುರಿದ ಕಣಗಳು ಕಾರಣ, ಬಾಟಲಿ ತಳದಲ್ಲಿ ಕಾಣ್ತಿದ್ವು. ಮೈನಸ್ ಕಡೆ ಸುರುಳಿ ಸಂದೀಲಿ ಸಡಿಲವಾಗಿ ಕೂತ ತಾಮ್ರ ತೊಳೆಯೋವಾಗ ಸ್ವಲ್ಪ ಹೋಯ್ತು, ಉಜ್ಜಬಾರದು, ನೀರಲ್ಲಿ ಅದ್ದಿ ತೆಗೆದ್ರೆ ಸಾಕು. ಇನ್ನೊಂದು ತಲೆನೋವು ಕರೆಂಟ್ ಒಂದೇ ಕಡೆ ನಿಲ್ಲದೇ ಇದ್ದಿದ್ದು, 0.22ರಲ್ಲಿ ಶುರುವಾಗಿ ಸೆಲ್ ದಣಿದಂಗೆ 0.18ಕ್ಕೆ ಇಳಿದಿತ್ತು, ಅವಳು ಐದೈದು ನಿಮಿಷಕ್ಕೆ ಬರ್ಕೊಂಡು ಸರಾಸರಿ ತೆಗೆದ್ಲು, ಅದರಿಂದ ಲೆಕ್ಕ ಉಳೀತು. ಪುನಃ ಮಾಡೋರು ಎಲ್‌ಎಂ317 ಅನ್ನೋ ರೆಗ್ಯುಲೇಟರ್ ಐಸಿ ಒಂದು ತಗೊಳ್ಳಿ, ಔಟ್‌ಪುಟ್ಟಿಗೂ ಅಡ್ಜಸ್ಟ್ ಪಿನ್ನಿಗೂ ಮಧ್ಯ 6.2 ಓಮ್ ಹಾಕಿ ಅಡ್ಜಸ್ಟ್ ಪಿನ್ನಿಂದ ದ್ರಾವಣಕ್ಕೆ ಕೊಟ್ರೆ 0.2 ಆಂಪಿಯರ್ ಅಲುಗಾಡದೆ ನಿಲ್ಲತ್ತೆ. ಅದಕ್ಕೆ 3 ವೋಲ್ಟ್ ಸಾಲದು, ನಾಲ್ಕು ಟಾರ್ಚ್ ಸೆಲ್ ಬೇಕು, ರೆಸಿಸ್ಟರ್ ಅರ್ಧ ವ್ಯಾಟಿಂದು ಇರಲಿ, ಐಸಿ ಬಿಸಿಯಾಗತ್ತೆ, ಒಂದು ಅಲ್ಯೂಮಿನಿಯಂ ತುಂಡು ಸ್ಕ್ರೂ ಹಾಕಿ ಬಿಗಿದ್ಬಿಡಿ.